ಪೆಟಗಿ ಯಾಕ ಬಂದ್ ಆಗತೈತಿ?

ಆಡುತ್ತಿರುವ ವಿಡಿಯೋ ಗೇಮ್ ನಡುವೆಯೇ ತಟ್ಟನೆ ಬಂದ್ ಆದರೆ ಮನೆಯಲ್ಲಿ ಮೂರು ಮಾತು ಹೊರಡುತ್ತವೆ. 'ಅತಿ ಆಡಿದ್ರ ಹಿಂಗ ಆಗೋದು' ಅನ್ನುವುದು ಅಜ್ಜಿಯ ಮಾತು. 'ಎಲ್ಲೋ ಕೆಡವಿರಬೇಕು' ಅನ್ನುವುದು ಅಪ್ಪನ ಮಾತು. 'ನಾ ಏನೂ ಮಾಡಿಲ್ಲ' ಅನ್ನುವುದು ಆಡುತ್ತಿದ್ದವರ ಮಾತು. ಮೂವತ್ತು ವರ್ಷ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸಿದವನು ನಾನು. ನಾನು ಕಂಡಂತೆ ಮೂರನೆಯ ಮಾತೇ ಹೆಚ್ಚು ಸಲ ನಿಜವಾಗಿರುತ್ತದೆ. ನಂಬುವವರು ಮಾತ್ರ ಕಡಿಮೆ.

ಈ ವಾರ ಅಂಥದೇ ಒಂದು ಪೆಟ್ಟಿಗೆಯ ಕತೆ. ಗೇಮ್ ಕನ್ಸೋಲ್ ಅನ್ನುತ್ತಾರಲ್ಲ, ಟಿವಿಗೆ ಜೋಡಿಸಿ ಆಡುವ ಕರಿ ಪೆಟ್ಟಿಗೆ, ಅದು. ಅಜ್ಜ-ಅಜ್ಜಿಯರು 'ಇದು ನಮಗಲ್ಲ' ಎಂದು ಪುಟ ತಿರುಗಿಸಬೇಡಿ. ಕತೆ ಹೋಗಿ ಮುಟ್ಟುವುದು ನಿಮ್ಮ ಫ್ರಿಜ್ಜಿಗೆ.

ಪೆಟ್ಟಿಗೆ ನನ್ನ ತಂಗಿಯ ಮೊಮ್ಮಗನದು. ಹುಡುಗ ಏಳನೆಯ ಇಯತ್ತೆ, ಮನೆ ಬೆಳಗಾವಿಯ ಶಹಾಪುರದಲ್ಲಿ. ಹೋದ ದೀಪಾವಳಿಗೆ ಯಾರೋ ಆಡಿ ಬಿಟ್ಟ ಪೆಟ್ಟಿಗೆಯನ್ನು ಕೊಂಡದ್ದು. ಅರ್ಧ ದುಡ್ಡು ಅಪ್ಪನದು, ಅರ್ಧ ಅವನೇ ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಬಂದ ನೋಟುಗಳನ್ನು ಕೂಡಿಸಿಟ್ಟದ್ದು. ಮಾರ್ಚ್ ಹೊತ್ತಿಗೆ ಅದು ಕೈಕೊಡತೊಡಗಿತು. ಅರ್ಧ ತಾಸು, ಮುಕ್ಕಾಲು ತಾಸು ಆಡುವಷ್ಟರಲ್ಲಿ ಬಂದ್. ಅಪ್ಪ ಒಂದು ಅಂಗಡಿಗೆ ಒಯ್ದರು. ಅಲ್ಲಿಯವರು ಪೆಟ್ಟಿಗೆ ಬಿಚ್ಚಲೂ ಇಲ್ಲ, ಹಚ್ಚಿ ನೋಡಲೂ ಇಲ್ಲ. ಕತೆ ಕೇಳಿ, 'ಮದರ್‌ಬೋರ್ಡ್ ಹೋಗೈತ್ರಿ, ಏಳೂವರೆ ಸಾವಿರ ಆಕ್ಕೈತಿ' ಎಂದರು. ಅಪ್ಪ ಪೆಟ್ಟಿಗೆಯನ್ನು ಬಗಲಿಗೆ ಇಟ್ಟುಕೊಂಡು ಮನೆಗೆ ಬಂದರು. ಇನ್ನು ಇದಕ್ಕೆ ಒಂದು ರೂಪಾಯಿಯನ್ನೂ ಹಾಕುವುದಿಲ್ಲ ಎಂದರು.

ಬೇಸಿಗೆ ಸೂಟಿ ಬಂತು. ಹುಡುಗ ಅಜ್ಜ-ಅಜ್ಜಿಯ ಊರಾದ ಖಾನಾಪುರಕ್ಕೆ ಹೊರಟಾಗ ಪೆಟ್ಟಿಗೆಯನ್ನು ಶಾಲೆಯ ಚೀಲದಲ್ಲಿ ತುಂಬಿಕೊಂಡು ಹೋದ. ಬೆಳಗಾವಿಯಿಂದ ಸುಮಾರು 25 ಕಿ.ಮೀ. ದೂರದ ಊರು. ಅಲ್ಲಿ ಪವಾಡ ಆಯಿತು. ಹನ್ನೆರಡು ದಿನ ಪೆಟ್ಟಿಗೆ ಒಮ್ಮೆಯೂ ಬಂದ್ ಆಗಲಿಲ್ಲ. ನಮ್ಮ ಭಾವನವರಿಗೆ ಮೊಣಕಾಲು ನೋವು, ತಿರುಗಾಟ ನಿಂತಿದೆ. ಅವರೂ ಒಂದು ಕೈಪಿಡಿ ಹಿಡಿದು ಮೊಮ್ಮಗನ ಜೊತೆ ಟಿವಿಯಲ್ಲಿ ಕ್ರಿಕೆಟ್ ಆಡಲು ಕೂತರು. ಸಂಜೆ ಆರಕ್ಕೆ ಟಾಸ್. ತಂಗಿ ಫೋನಿನಲ್ಲಿ, 'ಅಣ್ಣಾ, ಇಬ್ರೂ ಊಟಕ್ಕ ಕರದ್ರ ಏಳೂದಿಲ್ಲ, ಹುಡುಗ್ರು ಇಬ್ರ ಆಗ್ಯಾರ ಈಗ' ಎಂದು ದೂರುತ್ತಿದ್ದಳು. ದನಿಯಲ್ಲಿ ದೂರು ಇರಲಿಲ್ಲ.

ಮೇ ನಡುವಿಗೆ ಅಡ್ಡಮಳೆ ಶುರುವಾಯಿತು. ಮಳೆಯ ಮೂರನೆಯ ದಿನ ಪೆಟ್ಟಿಗೆ ಬಂದ್. ಬೆಳಗಾವಿಯಲ್ಲಿ ಮುಕ್ಕಾಲು ತಾಸಾದರೂ ನಡೆಯುತ್ತಿತ್ತು. ಇಲ್ಲಿ ಹಾಗಲ್ಲ, ಒಮ್ಮೆ ಎರಡೇ ನಿಮಿಷಕ್ಕೆ ಬಂದ್, ಒಮ್ಮೆ ಒಂದೂವರೆ ತಾಸು ಏನೂ ಇಲ್ಲ, ಮತ್ತೊಮ್ಮೆ ಹತ್ತು ನಿಮಿಷಕ್ಕೆ. ಸುದ್ದಿ ಬೆಳಗಾವಿಗೆ ಮುಟ್ಟಿತು. ಹಿಂದಿನ ಸಂಜೆ ಸೋತ ಸಿಟ್ಟಿಗೆ ಹುಡುಗ ಕೈಪಿಡಿಯನ್ನು ಗಾದಿಯ ಮೇಲೆ ಎಸೆದದ್ದನ್ನು ಯಾರೋ ಹೇಳಿಬಿಟ್ಟಿದ್ದರು. ಅಪ್ಪ ಫೋನಿನಲ್ಲೇ ತೀರ್ಪು ಕೊಟ್ಟರು: ನೀನೇ ಬಡಿದು ಕೆಡಿಸಿದ್ದೀ. ಹುಡುಗ ಎರಡು ದಿನ ಮಾತೇ ಆಡಲಿಲ್ಲವಂತೆ. ತಂಗಿ ನನಗೆ ಫೋನ್ ಮಾಡಿದ್ದು ಪೆಟ್ಟಿಗೆಯ ಸಲುವಾಗಿ ಅಲ್ಲ, ಹುಡುಗನ ಸಲುವಾಗಿ.

ನಾನು ಅವನಿಗೆ ಫೋನಿನಲ್ಲಿ ಒಂದು ಕೆಲಸ ಕೊಟ್ಟೆ. ಪೆಟ್ಟಿಗೆ ಬಂದ್ ಆದಾಗಲೆಲ್ಲ ಒಂದು ವಹಿಯಲ್ಲಿ ಬರೆದಿಡು. ತಾರೀಖು, ಗಂಟೆ, ಹಚ್ಚಿ ಎಷ್ಟು ಹೊತ್ತಾಗಿತ್ತು, ಆಟ ನಡೆದಿತ್ತೋ ಬರೀ ಮೆನು ತೆರೆದಿತ್ತೋ, ಪರದೆಯ ಮೇಲೆ ಏನಾದರೂ ಅಕ್ಷರ ಬಂತೋ. ಕೊನೆಗೆ, ಆ ಹೊತ್ತಿನಲ್ಲಿ ಮನೆಯಲ್ಲಿ ಬೇರೆ ಏನು ನಡೆದಿತ್ತು ಅದನ್ನೂ. 'ಬೇರೆ ಅಂದ್ರ ಏನ್ ಅಜ್ಜಾ?' ಎಂದ. 'ಕಿವಿಗೆ ಬಿದ್ದದ್ದು, ಕಣ್ಣಿಗೆ ಕಂಡದ್ದು, ಎಲ್ಲಾನೂ' ಎಂದೆ.

ಈ ವಹಿಯ ಮಾತನ್ನು ಸ್ವಲ್ಪ ನಿಂತು ಹೇಳಬೇಕು. ಒಂದು ಸಾಮಾನು ಯಾವಾಗಲೂ ಕೆಟ್ಟೇ ಇದ್ದರೆ ರಿಪೇರಿ ಸುಲಭ. ಒಮ್ಮೆ ನಡೆದು ಒಮ್ಮೆ ನಿಲ್ಲುವ ರೋಗವೇ ಕಠಿಣ. ರಿಪೇರಿಯವರ ಮುಂದೆ ಇಟ್ಟಾಗ ಅದು ಜಾಣ ಮಗುವಿನ ಹಾಗೆ ನಡೆಯುತ್ತದೆ. ಅಂಥ ರೋಗವನ್ನು ನೆನಪಿನಿಂದ ಹಿಡಿಯಲು ಆಗುವುದಿಲ್ಲ. ನಮಗೆ ನೆನಪಿರುವುದು ಗೆಲ್ಲುವ ಹೊತ್ತಿಗೆ ಬಂದ್ ಆದದ್ದು ಮಾತ್ರ. ಬರೆದಿಟ್ಟರೆ ಗೆಲ್ಲುವ ಹೊತ್ತಿಗೂ ಬಂದ್ ಆಗುವುದಕ್ಕೂ ಸಂಬಂಧ ಇಲ್ಲ ಅನ್ನುವುದು ಕಾಣುತ್ತದೆ, ಸಂಬಂಧ ಇರುವ ಸಂಗತಿ ತಾನೇ ಎದ್ದು ಬರುತ್ತದೆ.

ಆರು ದಿನ ಬಿಟ್ಟು ನಾನು ಖಾನಾಪುರಕ್ಕೆ ಹೋದೆ. ಮಲಪ್ರಭಾ ಹುಟ್ಟುವ ಕಣಕುಂಬಿ ಇದೇ ತಾಲ್ಲೂಕಿನದು. ಇಲ್ಲಿಯ ಮಳೆ ಅಂದರೆ ಬೆಳಗಾವಿಯ ಮಳೆಯ ದೊಡ್ಡಣ್ಣ. ಮಣ್ಣು ಮಡಕೆಗೆ, ಹೆಂಚಿಗೆ, ಇಟ್ಟಿಗೆಗೆ ಹೆಸರಾದದ್ದು. ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದೂ ಈ ಊರಿನಲ್ಲೇ. ತಂಗಿಯ ಮನೆಯೂ ಹೆಂಚಿನದು. ಹೋಗಿ ಕೈಕಾಲು ತೊಳೆಯುವಷ್ಟರಲ್ಲಿ ಹುಡುಗ ಗಣಿತದ ವಹಿಯ ಹಿಂಬದಿಯನ್ನು ತೆರೆದು ಮುಂದೆ ಹಿಡಿದ.

ಒಂಬತ್ತು ಸಲ ಬಂದ್ ಆಗಿತ್ತು. ಪರದೆಯ ಮೇಲೆ ಒಮ್ಮೆಯೂ ಅಕ್ಷರ ಬಂದಿಲ್ಲ. ಒಂಬತ್ತಕ್ಕೆ ಒಂಬತ್ತೂ ಆಟ ನಡೆಯುವಾಗ. ಮೆನು ತೆರೆದು ಬಿಟ್ಟು ಚಹಾ ಕುಡಿಯಲು ಹೋದಾಗ ಒಮ್ಮೆಯೂ ಇಲ್ಲ. ಟಿವಿ ಒಮ್ಮೆಯೂ ಆರಿಲ್ಲ, ಮನೆಯ ಲೈಟು ಹೋಗಿಲ್ಲ. ಹಾಗಾಗಿಯೇ ಎಲ್ಲರೂ ಕರೆಂಟು ಸರಿ ಇದೆ, ಪೆಟ್ಟಿಗೆಯೇ ಕೆಟ್ಟಿದೆ ಎಂದು ತೀರ್ಮಾನಿಸಿದ್ದು. ಇನ್ನು 'ಬೇರೆ ಏನು' ಅನ್ನುವ ಸಾಲು. 'ಅಜ್ಜಿ ಹಾಲು ತೆಗೆದಳು.' 'ಫ್ರಿಜ್ ಗುರ್ ಅಂತು.' 'ಬೆಕ್ಕು ಬಂತು.' 'ಫ್ರಿಜ್ ಗುರ್.' 'ಗುಡುಗು.' 'ಅಜ್ಜಿ ಮಾವಿನಹಣ್ಣು ಇಟ್ಟಳು, ಆಮೇಲೆ ಗುರ್.' ಎಣಿಸಿದೆ. ಒಂಬತ್ತರಲ್ಲಿ ಆರು ಕಡೆ ಗುರ್.

ಆಗ ನಾನು ತಲೆ ಎತ್ತಿ ನೋಡಿದೆ. ಫ್ರಿಜ್ ಪಡಸಾಲೆಯಲ್ಲಿ ಟಿವಿಯ ಪಕ್ಕಕ್ಕೆ ನಿಂತಿತ್ತು. ಅದು ಯಾವಾಗಲೂ ಅಡಿಗೆಮನೆಯಲ್ಲಿ ಇರುತ್ತಿದ್ದ ಸಾಮಾನು. 'ಇದು ಇಲ್ಲಿಗೆ ಯಾವಾಗ ಬಂತು?' ಎಂದೆ. ತಂಗಿ, 'ಮಳಿ ಹತ್ತಿದ ಎರಡನೇ ದಿನ. ಅಡಗಿಮನಿ ಗ್ವಾಡಿ ಸೋರಾಕ ಹತ್ತಿತ್ತು, ಅದಕ್ಕ ಹೊರಗ ತಂದ್ವಿ' ಎಂದಳು. ಪೆಟ್ಟಿಗೆ ಬಂದ್ ಆಗಲು ಶುರುವಾದದ್ದು ಮೂರನೆಯ ದಿನ.

ಪಡಸಾಲೆಯಲ್ಲಿ ಟಿವಿಗೆ ಇದ್ದದ್ದು ಒಂದೇ ಪಾಯಿಂಟ್. ಅದಕ್ಕೆ ಒಂದು ಎಕ್ಸ್‌ಟೆನ್ಶನ್ ಬೋರ್ಡ್. ಆ ಬೋರ್ಡಿನಲ್ಲಿ ಟಿವಿ, ಸೆಟ್‌ಟಾಪ್ ಬಾಕ್ಸ್, ಗೇಮ್ ಪೆಟ್ಟಿಗೆ, ಈಗ ಫ್ರಿಜ್ಜೂ.

ಸಂಶಯ ಬಂದರೆ ಸಾಲದು, ತೋರಿಸಬೇಕು. ಭಾವನವರ ಅಟ್ಟದಲ್ಲಿ ಹಳೆಯ ತಂತಿಯ ಬಲ್ಬು ಇದ್ದೇ ಇರುತ್ತದೆ ಅಂತ ನನಗೆ ಗೊತ್ತು. ಅವರು ಏನನ್ನೂ ಎಸೆಯುವವರಲ್ಲ. 60 ವಾಟಿನದೊಂದು ಸಿಕ್ಕಿತು. ಮೇಜಿನ ದೀಪಕ್ಕೆ ಸಿಕ್ಕಿಸಿ ಅದೇ ಬೋರ್ಡಿಗೆ ಹಚ್ಚಿದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ಅದರೊಳಗೆ ಸಣ್ಣ ಸರ್ಕೀಟು ಇರುತ್ತದೆ, ಕರೆಂಟು ಸ್ವಲ್ಪ ತಗ್ಗಿದರೂ ಬೆಳಕು ಹಾಗೇ ಉಳಿಸಿಕೊಳ್ಳುತ್ತದೆ. ತಂತಿಯ ಬಲ್ಬಿಗೆ ಮುಚ್ಚಿಡುವುದು ಗೊತ್ತಿಲ್ಲ. ವೋಲ್ಟೇಜು ತಗ್ಗಿದರೆ ಕೆಂಪಗಾಗುತ್ತದೆ, ಸಡಿಲವಿದ್ದರೆ ಮಿಟುಕುತ್ತದೆ. ಹುಡುಗನಿಗೆ ಆಟ ಸೇವ್ ಮಾಡಿಕೊಂಡು ಆಡಲು ಹೇಳಿದೆ. ನಿಂತಿದ್ದ ಫ್ರಿಜ್ಜನ್ನು ಅದರ ಒಳಗಿನ ತಿರುಗಣೆ ತಿರುವಿ ಶುರು ಮಾಡಿದೆ. ಮೊದಲ ಸಲ ಏನೂ ಆಗಲಿಲ್ಲ. ಭಾವನವರು ಕೆಮ್ಮಿದರು. ಸ್ವಲ್ಪ ಹೊತ್ತು ಬಿಟ್ಟು ಎರಡನೆಯ ಸಲ ತಿರುವಿದೆ. ಗುರ್ ಅಂತು, ಬಲ್ಬು ಒಮ್ಮೆ ಕಣ್ಣು ಹೊಡೆಯಿತು, ಪೆಟ್ಟಿಗೆ ಬಂದ್. ಟಿವಿ ಮಾತ್ರ ಏನೂ ಆಗದವರ ಹಾಗೆ ಖಾಲಿ ಪರದೆ ತೋರಿಸುತ್ತ ಕೂತಿತ್ತು.

'ಮತ್ತ ಟಿವಿ ಯಾಕ ಬಂದ್ ಆಗ್ಲಿಲ್ಲ?' ಇದು ಹುಡುಗನ ಪ್ರಶ್ನೆ, ಒಳ್ಳೆಯ ಪ್ರಶ್ನೆ. ನಮ್ಮ ಮನೆಗೆ ಬರುವ ಕರೆಂಟು 230 ವೋಲ್ಟಿನದು, ಸೆಕೆಂಡಿಗೆ 50 ಸಲ ಹೋಗಿ ಬರುವಂಥದು. ಟಿವಿಯ ಒಳಗೂ ಗೇಮ್ ಪೆಟ್ಟಿಗೆಯ ಒಳಗೂ ಕೆಪಾಸಿಟರ್ ಅನ್ನುವ ಸಣ್ಣ ಡಬ್ಬಿಗಳಿರುತ್ತವೆ. ಕೊಡದಲ್ಲಿ ನೀರು ತುಂಬಿಟ್ಟಂತೆ ಅವು ಒಂದಿಷ್ಟು ಕರೆಂಟು ತುಂಬಿಟ್ಟುಕೊಂಡಿರುತ್ತವೆ. ಹೊರಗಿನದು ಕ್ಷಣಮಾತ್ರ ತಪ್ಪಿದರೆ ಈ ಕೊಡದ ನೀರೇ ಗತಿ. ಅದು ಉಳಿಯುವುದು ಸೆಕೆಂಡಿನ ಐವತ್ತನೆಯ ಒಂದು ಭಾಗ, ಅದರ ಹಿಂದೆ ಮುಂದೆ, ಅಷ್ಟೇ. ಟಿವಿ ಕಡಿಮೆ ಕುಡಿಯುತ್ತದೆ, ಅದರ ಕೊಡ ಸ್ವಲ್ಪ ಹೆಚ್ಚು ಹೊತ್ತು ಬರುತ್ತದೆ. ಆಟ ಜೋರಾಗಿ ನಡೆಯುವಾಗ ಪೆಟ್ಟಿಗೆ ಗಟಗಟ ಕುಡಿಯುತ್ತದೆ, ಕೊಡ ಬೇಗ ಖಾಲಿ. ಮೆನುವಿನಲ್ಲಿ ಇರುವಾಗ ಗುಟುಕು ಗುಟುಕು. ಅದಕ್ಕೇ ಆಗ ಬಂದ್ ಆಗುತ್ತಿರಲಿಲ್ಲ. ವಹಿಯಲ್ಲಿ ಅವನೇ ಬರೆದಿದ್ದ ಎರಡು ಸಾಲಿಗೆ ಒಂದೇ ಉತ್ತರ.

ಇನ್ನು ಫ್ರಿಜ್ಜು. ಅದರ ಕಂಪ್ರೆಸರ್ ಒಂದು ಮೋಟರು. ನಿಂತ ಮೋಟರು ಏಳುವಾಗ, ಓಡುವಾಗ ಎಳೆಯುವುದರ ಹಲವು ಪಟ್ಟು ಕರೆಂಟು ಎಳೆಯುತ್ತದೆ. ನಿಂತ ಎತ್ತಿನಗಾಡಿಯನ್ನು ಕದಲಿಸುವಾಗಿನ ಜೋರೇ ಬೇರೆಯಲ್ಲವೇ, ಹಾಗೆ. ಗಟ್ಟಿ ವಾಯರಿಂಗ್ ಇದ್ದರೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲೋ ಸಡಿಲವಿದ್ದರೆ ಆ ಜಾಗ ಅದೇ ಗಳಿಗೆಗೆ ಬಿಟ್ಟುಕೊಡುತ್ತದೆ.

ಮುಂದಿನ ಹೆಜ್ಜೆ ಬೇರೇನೂ ಅಲ್ಲ, ಒಂದನ್ನೇ ಬದಲಿಸುವುದು. ಬೇರೆ ಎಲ್ಲವನ್ನೂ ಇದ್ದಲ್ಲಿಯೇ ಬಿಟ್ಟು ಫ್ರಿಜ್ಜಿನ ಪ್ಲಗ್ಗನ್ನು ಮಾತ್ರ ಬೋರ್ಡಿನಿಂದ ತೆಗೆದೆವು. ಎರಡು ತಾಸು ಅಜ್ಜ-ಮೊಮ್ಮಗ ಆಡಿದರು. ಪೆಟ್ಟಿಗೆ ಬಂದ್ ಆಗಲಿಲ್ಲ, ಬಲ್ಬು ಮಿಟುಕಲಿಲ್ಲ. ಬೋರ್ಡನ್ನೂ ಫ್ರಿಜ್ಜನ್ನೂ ಪೆಟ್ಟಿಗೆಯ ಜಾಗವನ್ನೂ ಒಟ್ಟಿಗೇ ಬದಲಿಸಿದ್ದರೆ ರೋಗ ಹೋದರೂ ಯಾವುದರಿಂದ ಹೋಯಿತು ಅಂತ ಗೊತ್ತಾಗುತ್ತಿರಲಿಲ್ಲ. ಐಟಿಐ ಹುಡುಗರಿಗೆ ಇದನ್ನು ಹೇಳಿ ಹೇಳಿ ನನ್ನ ಗಂಟಲು ಬತ್ತಿದೆ.

ಇಷ್ಟರಲ್ಲಿ ತಂಗಿ ಚಹಾ ತಂದಳು. ಕೊಡುತ್ತ ಕೊಡುತ್ತ ಸಹಜವಾಗಿ ಒಂದು ಮಾತು ಅಂದಳು: 'ಅಲ್ಲೋ ಅಣ್ಣಾ, ಈ ಫ್ರಿಜ್ ಇಲ್ಲಿಗೆ ತಂದಾಗಿಂದ ಬಾಗಿಲಾ ಹಿಡದ್ರ ಜುಮ್ ಅಂತೈತಿ. ಮಳಿಗಾಲ ಅಲ್ಲ, ಹಸಿಗೆ ಹಂಗ ಆಗತೈತಿ ಅಂತ ಚಪ್ಪಲಿ ಹಾಕ್ಕೊಂಡು ತಗೀತೀನಿ.'

ನಾನು ಚಹಾ ಕೆಳಗಿಟ್ಟೆ. ಆ ಸಂಜೆಯ ಮಟ್ಟಿಗೆ ಗೇಮ್ ಪೆಟ್ಟಿಗೆಯ ವಿಷಯ ಅಲ್ಲಿಗೆ ಮುಗಿಯಿತು.

ಗೋಡೆಯ ಪಾಯಿಂಟನ್ನು ಬಂದ್ ಮಾಡಿ, ಬೋರ್ಡನ್ನು ಕಿತ್ತು, ಬಿಚ್ಚಿ ನೋಡಿದೆ. ಫ್ರಿಜ್ ಹಚ್ಚಿದ್ದ ರಂಧ್ರದ ಹಿಂದೆ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಸುಟ್ಟ ವಾಸನೆ. ಒಂದು ಸ್ಕ್ರೂ ಬೆರಳಿನಲ್ಲೇ ತಿರುಗುವಷ್ಟು ಸಡಿಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಬೋರ್ಡಿನ ಮೇಲೆ ಮೂರು ಮೂರು ತೂತು, ಪ್ಲಗ್ಗಿಗೂ ಮೂರು ಪಿನ್ನು. ಆದರೆ ನಡುವಿನ ವಾಯರಿನೊಳಗೆ ತಂತಿ ಎರಡೇ. ಮೂರನೆಯ ತೂತು ತೋರಿಕೆಗೆ.

ಆ ಮೂರನೆಯದು ಅರ್ಥಿಂಗ್. ಮಕ್ಕಳೇ, ನಿಮ್ಮ ಮನೆಯ ಮೂರು ಪಿನ್ನಿನ ಪ್ಲಗ್ಗನ್ನು ದೊಡ್ಡವರಿಂದ ತೆಗೆಸಿ ನೋಡಿ: ಒಂದು ಪಿನ್ನು ಉಳಿದೆರಡಕ್ಕಿಂತ ದಪ್ಪ, ಉದ್ದ. ಹಚ್ಚುವಾಗ ಎಲ್ಲಕ್ಕಿಂತ ಮೊದಲು ಕೂಡಬೇಕು, ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು ಅಂತಲೇ ಅದಕ್ಕೆ ಆ ಉದ್ದ. ಫ್ರಿಜ್ಜಿನ ತಗಡಿನ ಮೈಗೆ ಒಳಗಿನಿಂದ ಕರೆಂಟು ಸೋರಿದರೆ ಅದು ಈ ಪಿನ್ನಿನಿಂದ ಅರ್ಥ್ ತಂತಿಗೆ, ಅಲ್ಲಿಂದ ಹಿತ್ತಲಲ್ಲಿ ಉಪ್ಪು-ಇದ್ದಿಲು ಹಾಕಿ ಹೂತ ಕೊಳವೆಗೆ, ಅಲ್ಲಿಂದ ನೆಲಕ್ಕೆ ಹೋಗುತ್ತದೆ. ಆ ದಾರಿ ಇಲ್ಲದಿದ್ದರೆ ಕರೆಂಟು ಇನ್ನೊಂದು ದಾರಿಗೆ ಕಾಯುತ್ತದೆ. ಬರಿಗಾಲಿನಲ್ಲಿ, ಒದ್ದೆ ನೆಲದ ಮೇಲೆ ನಿಂತು ಬಾಗಿಲು ಹಿಡಿಯುವವರೇ ಆ ದಾರಿ. ಅಡಿಗೆಮನೆಯಲ್ಲಿ ಫ್ರಿಜ್ಜಿಗೆ ಅರ್ಥಿಂಗ್ ಇದ್ದ ಗೋಡೆಯ ಸಾಕೆಟ್ ಇತ್ತು, ಹಾಗಾಗಿ ಎಂದೂ ಜುಮ್ ಅಂದಿರಲಿಲ್ಲ. ಮಳೆಯ ಹಸಿಗೆ ಆಗುವುದಲ್ಲ ಇದು. ಹಸಿ ಅದನ್ನು ಹೆಚ್ಚು ಮಾಡುತ್ತದೆ, ಹುಟ್ಟಿಸುವುದಿಲ್ಲ. ಹಿರಿಯರೇ, 'ಮಳಿಗಾಲದಾಗ ಹಂಗ' ಎಂದು ಚಪ್ಪಲಿ ಮೆಟ್ಟಿಕೊಂಡು ವರ್ಷಗಟ್ಟಲೆ ಫ್ರಿಜ್ ತೆಗೆಯುವ ಮನೆಗಳು ನನಗೆ ಇನ್ನೂ ನಾಲ್ಕಾರು ಗೊತ್ತು. ನಿಮ್ಮ ಮನೆಯೂ ಅದರಲ್ಲಿದ್ದರೆ ಈ ವಾರವೇ ವಾಯರ್‌ಮನ್‌ನನ್ನು ಕರೆಸಿ.

ಸಡಿಲ ಸ್ಕ್ರೂವಿನ ಲೆಕ್ಕವನ್ನೂ ಹುಡುಗನಿಂದ ಮಾಡಿಸಿದೆ. ಸಡಿಲ ಜಾಗದಲ್ಲಿ ಒಂದು ಓಮ್ ಅಡ್ಡಿ ಇದೆ ಅಂದುಕೊ. 6 ಆಂಪಿಯರ್ ಹರಿದರೆ ಅಲ್ಲಿ ಹುಟ್ಟುವ ಬಿಸಿ 6 ಗುಣಿಲೆ 6 ಗುಣಿಲೆ 1, ಅಂದರೆ 36 ವಾಟ್. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಕಡ್ಡಿ 25 ವಾಟಿನದು. ಅಂಥದೊಂದಕ್ಕಿಂತ ಹೆಚ್ಚಿನ ಬಿಸಿ ಟಿವಿಯ ಹಿಂದೆ, ಪರದೆಯ ಬಟ್ಟೆಯ ಪಕ್ಕ. ಭಾವನವರು ಆ ಕಂದು ಪ್ಲಾಸ್ಟಿಕ್ಕನ್ನು ಬಹಳ ಹೊತ್ತು ಕೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ ಮಗನಿಗೆ ಫೋನ್ ಹಚ್ಚಿ, 'ಹುಡುಗ ಏನೂ ಬಡದಿಲ್ಲೋ. ಅವ ಬರದಿಟ್ಟಿದ್ದಕ್ಕ ನಿಮ್ಮವ್ವ ಉಳದ್ಲು' ಎಂದರು. ಅಷ್ಟೇ ಹೇಳಿ ಇಟ್ಟರು.

ಮರುದಿನ ಲೈಸೆನ್ಸ್ ಇರುವ ವಾಯರ್‌ಮನ್ ಬಂದು ಪಡಸಾಲೆಯಲ್ಲಿ ಫ್ರಿಜ್ಜಿಗೇ ಅಂತ 16 ಆಂಪಿಯರ್‌ನ ಬೇರೆ ಪಾಯಿಂಟ್ ಹಾಕಿ, ಅರ್ಥಿಂಗ್ ಅಳೆದು ನೋಡಿಹೋದ. ಮೀಟರ್ ಬೋರ್ಡಿನ ಪಕ್ಕ ಆರ್‌ಸಿಸಿಬಿ ಅನ್ನುವ ಸ್ವಿಚ್ಚನ್ನೂ ಹಾಕಿಸಿದೆ. ಹೋದ ಕರೆಂಟು, ಬಂದ ಕರೆಂಟು ಎರಡರ ಲೆಕ್ಕದಲ್ಲಿ 30 ಮಿಲಿಆಂಪಿಯರ್ ತಪ್ಪಿದರೂ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮನೆಯ ಕರೆಂಟನ್ನು ಕಡಿಯುತ್ತದೆ. ಎಂಸಿಬಿ ಇದೆಯಲ್ಲ, ಸಾಲದೇ ಎಂದು ಭಾವನವರು ಕೇಳಿದರು. ಎಂಸಿಬಿ ಕಾಯುವುದು ವಾಯರನ್ನು. ಮನುಷ್ಯರನ್ನು ಕಾಯುವಷ್ಟು ಸೂಕ್ಷ್ಮ ಅದಕ್ಕಿಲ್ಲ.

ಹಾಗಾದರೆ ಬೆಳಗಾವಿಯಲ್ಲಿ ಮಾರ್ಚ್‌ನಿಂದ ಬಂದ್ ಆಗುತ್ತಿದ್ದದ್ದು? ಅಲ್ಲಿ ಫ್ರಿಜ್ಜು ಬೇರೆ ಕೋಣೆಯಲ್ಲಿದೆ. ಶಾಲೆ ಶುರುವಾಗುವ ಮುಂಚೆ ಹುಡುಗನ ಜೊತೆ ನಾನೂ ಶಹಾಪುರದ ಮನೆಗೆ ಹೋದೆ. ಇಲ್ಲಿ ವಹಿ ಇರಲಿಲ್ಲ, ಆದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಅರ್ಧ ತಾಸಿನಿಂದ ಮುಕ್ಕಾಲು ತಾಸು, ಫ್ಯಾನಿನ ಸದ್ದು ಏರುತ್ತ ಹೋಗುತ್ತದೆ, ಆಮೇಲೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂದು ಬಂದ್ ಆಗುತ್ತದೆ. ಆ 'ಏನೋ' ಏನು ಅಂತ ಯಾರೂ ಓದಿರಲಿಲ್ಲ. ಹಚ್ಚಿ ಕಾದು ಕೂತೆವು. ಪೆಟ್ಟಿಗೆ ಬಿಸಿಯಾಗಿದೆ, ತಣ್ಣಗಾಗಲು ಬಿಡಿ ಅಂತ ಬರೆದಿತ್ತು.

ಪೆಟ್ಟಿಗೆಯ ಜಾಗ ಟಿವಿಯ ಕೆಳಗಿನ ಶೋಕೇಸು. ಮುಂದೆ ಗಾಜಿನ ಬಾಗಿಲು. ಪೆಟ್ಟಿಗೆಯ ಮೇಲೆ ಧೂಳು ಕೂಡಬಾರದೆಂದು ಖಾನಾಪುರದ ಅಜ್ಜಿ ಪ್ರೀತಿಯಿಂದ ಹೆಣೆದು ಕಳಿಸಿದ ಕ್ರೋಶಾ ಬಟ್ಟೆ, ನಾಲ್ಕೂ ಕಡೆ ಝಾಲರು. ಆಟ ನಡೆಯುವಾಗ ಅಂಥ ಪೆಟ್ಟಿಗೆ 150 ವಾಟಿನ ಆಸುಪಾಸು ಎಳೆಯುತ್ತದೆ, ಎಳೆದದ್ದೆಲ್ಲ ಕೊನೆಗೆ ಬಿಸಿಯೇ ಆಗುತ್ತದೆ. ಹಳೆಯ 60 ವಾಟಿನ ಎರಡೂವರೆ ಬಲ್ಬನ್ನು ಹೊತ್ತಿಸಿ ಗಾಜಿನ ಕಪಾಟಿನಲ್ಲಿಟ್ಟು ಮೇಲೆ ಬಟ್ಟೆ ಹೊದಿಸಿದ ಹಾಗಾಯಿತು. ಒಳಗಿನ ಚಿಪ್ಪು ಸುಟ್ಟುಹೋಗುವ ಮುಂಚೆ ಪೆಟ್ಟಿಗೆ ತಾನಾಗಿ ಬಂದ್ ಆಗುವಂತೆ ಅದನ್ನು ಮಾಡಿದವರೇ ಏರ್ಪಾಡು ಮಾಡಿರುತ್ತಾರೆ. ಅಂದರೆ ಬೆಳಗಾವಿಯಲ್ಲಿ ಪೆಟ್ಟಿಗೆ ಕೆಟ್ಟಿರಲಿಲ್ಲ, ತನ್ನ ಕೆಲಸವನ್ನೇ ಮಾಡುತ್ತಿತ್ತು. ಖಾನಾಪುರದಲ್ಲಿ ಅದನ್ನು ಬರಿಯ ಮೇಜಿನ ಮೇಲೆ, ಕಿಟಕಿಯ ಗಾಳಿಗೆ ಇಟ್ಟಿದ್ದರು. ಹನ್ನೆರಡು ದಿನ ನಡೆದದ್ದು ಅದಕ್ಕೇ.

ಗಾಳಿ ಕಿಂಡಿಗಳಲ್ಲಿ ಹತ್ತಿಯ ಹಾಗೆ ಧೂಳು. ಪ್ಲಗ್ ತೆಗೆದು, ಒಣ ಮೆತ್ತನೆ ಬ್ರಶ್ಶಿನಿಂದ, ಆಮೇಲೆ ಮನೆಯ ವ್ಯಾಕ್ಯೂಮ್ ಕ್ಲೀನರಿನ ಸಣ್ಣ ನಳಿಕೆಯಿಂದ ಹೊರಗಿನಿಂದಲೇ ಎಳೆದೆ. ಬಾಯಿಂದ ಊದಬೇಡಿ. ಊದಿದರೆ ಧೂಳಿನ ಜೊತೆ ಉಗುಳಿನ ಹಸಿಯೂ ಒಳಗೆ ಹೋಗುತ್ತದೆ. ಇಂದಿನ ಅಪ್ಪಂದಿರು ತಾವು ಚಿಕ್ಕವರಿದ್ದಾಗ ಗೇಮ್ ಕ್ಯಾಸೆಟ್ಟು ನಡೆಯದಿದ್ದರೆ ಉಫ್ ಎಂದು ಊದಿ ಹಾಕುತ್ತಿದ್ದರು. ಹಾಗೆ ಮಾಡಬೇಡಿ ಎಂದು ಜಪಾನಿನ ನಿಂಟೆಂಡೊ ಕಂಪನಿಯೇ ಹೇಳಿದೆ. ಪೆಟ್ಟಿಗೆಯನ್ನು ಟಿವಿಯ ಪಕ್ಕದ ಮೇಜಿಗೆ ತಂದು, ಗೋಡೆಯಿಂದ ಒಂದು ಅಂಗೈ ಅಗಲ, ಅಂದರೆ 10 ಸೆಂ.ಮೀ. ಬಿಟ್ಟು ಇಟ್ಟೆವು. ಎರಡು ತಾಸು ನಡೆಯಿತು. ಫ್ಯಾನಿನ ಸದ್ದು ಕೇಳಲು ಕಿವಿ ಹತ್ತಿರ ಒಯ್ಯಬೇಕಾಯಿತು. ಏಳೂವರೆ ಸಾವಿರ ಉಳಿಯಿತು.

ಬಿಸಿಯನ್ನು ಹಗುರಾಗಿ ತೆಗೆದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ದೊಡ್ಡ ಕತೆಯೇ ಇದೆ. 2005ರ ನವೆಂಬರಿನಲ್ಲಿ ಅಮೆರಿಕದ ಮೈಕ್ರೋಸಾಫ್ಟ್ ಕಂಪನಿ ಎಕ್ಸ್‌ಬಾಕ್ಸ್ 360 ಅನ್ನುವ ಪೆಟ್ಟಿಗೆ ತಂದಿತು. ಸ್ವಲ್ಪ ದಿನಕ್ಕೇ ಮನೆ ಮನೆಯಲ್ಲಿ ಅದು ನಿಲ್ಲತೊಡಗಿತು. ಗುಂಡಿಯ ಸುತ್ತ ಮೂರು ಕೆಂಪು ದೀಪ ಹೊತ್ತಿತೆಂದರೆ ಕತೆ ಮುಗಿದಂತೆ. ಹಚ್ಚಿದಾಗ ಬಿಸಿ, ಆರಿಸಿದಾಗ ತಂಪು, ಮತ್ತೆ ಬಿಸಿ. ಹೀಗೆ ಹಿಗ್ಗಿ ಕುಗ್ಗಿ ಒಳಗಿನ ಚಿಪ್ಪಿನ ಬೆಸುಗೆಗಳು ಬಿರುಕು ಬಿಡುತ್ತಿದ್ದವು. 2007ರ ಜುಲೈನಲ್ಲಿ ಕಂಪನಿ ಈ ದೋಷಕ್ಕೆ ಮೂರು ವರ್ಷದ ವಾರಂಟಿ ಕೊಟ್ಟು, ರಿಪೇರಿಗೆ ನೂರು ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿಟ್ಟಿತು. ಆ ದಿನಗಳಲ್ಲಿ ಕೆಲವರು ಪೆಟ್ಟಿಗೆಗೆ ಟವೆಲ್ ಸುತ್ತಿ ಇನ್ನಷ್ಟು ಬಿಸಿ ಮಾಡಿದರೆ ಸರಿಹೋಗುತ್ತದೆ ಎಂದು ಹಾಗೇ ಮಾಡುತ್ತಿದ್ದರು. ಒಂದೆರಡು ದಿನ ನಡೆದಂತೆ ಕಾಣುತ್ತಿತ್ತು, ಆಮೇಲೆ ಪೂರಾ ಹೋಗುತ್ತಿತ್ತು. ಬೆಂಕಿಯ ಭಯ ಬೇರೆ. ಯಾರಾದರೂ ಈಗಲೂ ಹೇಳಿದರೆ ಕೇಳಬೇಡಿ.

ಬಂದ್ ಆಗುವುದೆಲ್ಲ ರೋಗವೂ ಅಲ್ಲ. ಬಹಳ ಹೊತ್ತು ಯಾರೂ ಗುಂಡಿ ಒತ್ತದಿದ್ದರೆ ತಾನಾಗಿ ಮಲಗುವ ಸೆಟ್ಟಿಂಗ್ ಎಷ್ಟೋ ಪೆಟ್ಟಿಗೆಗಳಲ್ಲಿದೆ. ಟಿವಿ ಆರಿಸಿದರೆ ಪೆಟ್ಟಿಗೆಯೂ ಆರುವಂತೆ ಎಚ್‌ಡಿಎಂಐ ವಾಯರಿನ ಮೂಲಕ ಎರಡಕ್ಕೂ ಗಂಟು ಹಾಕುವ ಸೆಟ್ಟಿಂಗ್ ಇನ್ನೊಂದು. ಹುಡುಗರು ಇವನ್ನು ಮೊದಲು ನೋಡಿಬಿಡಿ. ಇವು ಐದು ನಿಮಿಷದ ಕೆಲಸ.

ಇಷ್ಟೆಲ್ಲ ನೋಡಿದ ಮೇಲೂ, ಗಾಳಿ ಸರಿ ಇದ್ದು, ಗಟ್ಟಿ ಸಾಕೆಟ್ಟಿನಲ್ಲಿ, ಬೇರೆ ಮನೆಯಲ್ಲೂ ಬಂದ್ ಆದರೆ ಆಗ ದೋಷ ಪೆಟ್ಟಿಗೆಯೊಳಗೆ. ಹೆಚ್ಚಾಗಿ ಅದರ ಪವರ್ ಸಪ್ಲೈಯಲ್ಲಿ. ಅದನ್ನು ಮನೆಯಲ್ಲಿ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಆ ಕೆಪಾಸಿಟರ್ ಕೊಡಗಳಲ್ಲಿ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ. ವಾರಂಟಿ ಇದ್ದರೆ ಬಿಲ್ಲು ಹುಡುಕಿ. ಅಂಗಡಿಗೆ ಒಯ್ಯುವಾಗ ವಹಿಯನ್ನೂ ಒಯ್ಯಿರಿ. ವಹಿ ಓದಿ ಮಾತಾಡುವ ಅಂಗಡಿಯವರಿಗೆ ಕೊಡಿ, ಕತೆ ಕೇಳಿಯೇ ರೇಟು ಹೇಳುವವರಿಗೆ ಬೇಡ. ಮಕ್ಕಳ ಕೆಲಸ ನೋಡುವುದು, ಕೇಳುವುದು, ಬರೆಯುವುದು. ಪ್ಲಗ್ಗು, ಬೋರ್ಡು, ಸ್ಕ್ರೂಡ್ರೈವರ್ ದೊಡ್ಡವರವು. ಗುಡುಗು-ಸಿಡಿಲು ಶುರುವಾದರೆ ಆಟ ಎಷ್ಟೇ ಮಜ ಇರಲಿ, ಪ್ಲಗ್ಗನ್ನೂ ಕೇಬಲ್ ವಾಯರನ್ನೂ ತೆಗೆಸಿ ಇಡಿ. ಸ್ವಿಚ್ ಆರಿಸಿದರೆ ಸಾಲದು. ಸಿಡಿಲಿಗೆ ಸ್ವಿಚ್ಚಿನ ಸಣ್ಣ ಸಂದು ದಾಟುವುದು ಕಷ್ಟವಲ್ಲ.

ಯುಪಿಎಸ್ ತಂದರೆ ಒಳ್ಳೆಯದೇ ಎಂದು ಭಾವನವರು ಕೇಳಿದ್ದಾರೆ. ಖಾನಾಪುರದ ಮಳೆಗಾಲದಲ್ಲಿ ಮರದ ಟೊಂಗೆ ತಂತಿಗೆ ತಾಗಿ ಲೈಟು ಹೋಗಿ ಬರುವುದು ಇದ್ದದ್ದೇ. ಹಾಗೆ ಹೋದಾಗ ಆಟ ಸೇವ್ ಮಾಡಿ ಸರಿಯಾಗಿ ಬಂದ್ ಮಾಡಲು ಹತ್ತು ನಿಮಿಷ ಸಿಕ್ಕರೆ ಸಾಕು, ಅಷ್ಟಕ್ಕೆ ಸಣ್ಣದು ನಡೆಯುತ್ತದೆ. ಆದರೆ ಮೊದಲು ಸಡಿಲ ಬೋರ್ಡು ಹೋಗಬೇಕು. ಅದನ್ನು ಇಟ್ಟುಕೊಂಡೇ ಯುಪಿಎಸ್ ಹಚ್ಚಿದರೆ ಪೆಟ್ಟಿಗೆ ಬಂದ್ ಆಗುವುದು ನಿಲ್ಲುತ್ತದೆ, ಬೋರ್ಡು ಹಿಂದೆ ಸದ್ದಿಲ್ಲದೆ ಸುಡುತ್ತಲೇ ಇರುತ್ತದೆ.

ಆ ಹಳೆಯ ಬೋರ್ಡನ್ನು ಭಾವನವರು ಅಟ್ಟಕ್ಕೆ ಏರಿಸಲು ಹೊರಟಿದ್ದರು. ವಾಯರನ್ನು ಎರಡು ತುಂಡು ಮಾಡಿ ನಾನೇ ಕಸಕ್ಕೆ ಹಾಕಿ ಬಂದೆ. ಕ್ರೋಶಾ ಬಟ್ಟೆಯನ್ನು ತಂಗಿ ವಾಪಸ್ ತರಿಸಿಕೊಂಡಿದ್ದಾಳೆ. ಈಗ ಅದು ಮಿಕ್ಸರಿನ ಮೇಲಿದೆ, ರುಬ್ಬುವಾಗ ತೆಗೆಯುತ್ತೇನೆ ಎಂದು ಮಾತು ಕೊಟ್ಟಿದ್ದಾಳೆ.